ಮೂರು ಮಾರ್ಕಿನ ಮೀನು

ಜುಲೈ ಬಂತೆಂದರೆ ಮಲೆನಾಡಿನ ಶಾಲೆ ಮಕ್ಕಳು ಬೆಳಿಗ್ಗೆ ಎದ್ದು ದೇವರಿಗಿಂತ ಮೊದಲು ಜಿಲ್ಲಾಧಿಕಾರಿಗಳನ್ನು ನೆನೆಯುತ್ತಾರೆ. ನಮ್ಮನೆಯಲ್ಲೂ ಅಷ್ಟೇ. ಮಗಳು ಈ ವರ್ಷ ಹತ್ತನೇ ಕ್ಲಾಸು. ಹಲ್ಲುಜ್ಜುವ ಮುಂಚೆ ಮೊಬೈಲ್ ನೋಡುತ್ತಾಳೆ. ಕಿಟಕಿ ತೆಗೆದು ಮಳೆ ನೋಡುವ ಅಭ್ಯಾಸ ಅವಳಿಗಿಲ್ಲ. ರಜೆ ಕೊಟ್ಟರೆ ಮಳೆ ಜೋರು, ಕೊಡದಿದ್ದರೆ ಜಿಟಿಜಿಟಿ. ಅವಳ ಹವಾಮಾನ ಇಲಾಖೆ ನಡೆಯೋದು ಹೀಗೆ.

2025ರ ಜುಲೈನ ಒಂದು ಬೆಳಿಗ್ಗೆ ಅವಳಿಗಿಂತ ಮೊದಲು ನಾನು ಎದ್ದುಬಿಟ್ಟೆ. ಆಗಿದ್ದೆಲ್ಲಾ ಅದರಿಂದಲೇ.

ರಾತ್ರಿಯಿಡೀ ಹಂಚಿನ ಮೇಲೆ ಮಳೆ ಸುರಿದಿತ್ತು. ಕರೆಂಟ್ ಹೋಗಿ ಎಷ್ಟೋ ಹೊತ್ತಾಗಿತ್ತು. ಮೊಬೈಲ್‌ನಲ್ಲಿ ಉಳಿದಿದ್ದು ಹನ್ನೊಂದು ಪರ್ಸೆಂಟ್ ಚಾರ್ಜ್. ಆರು ಗಂಟೆಗೆ ಭಾವನ ಕಡೆಯಿಂದ ಒಂದು ಫೋಟೊ ಬಂತು. ಜಿಲ್ಲಾಧಿಕಾರಿಗಳ ಆದೇಶ. ಮೇಲೆ ಸರ್ಕಾರದ ಲಾಂಛನ, ಕೆಳಗೆ ಹಸಿರು ಶಾಯಿಯ ಸಹಿ, ನಡುವೆ ‘ಅಂಗನವಾಡಿ, ಪ್ರಾಥಮಿಕ ಹಾಗೂ ಪ್ರೌಢಶಾಲೆಗಳಿಗೆ ರಜೆ’. ನಾನು ರಜೆ ಅನ್ನುವ ಪದದವರೆಗೆ ಓದಿದೆ. ಸರ್ಕಾರಿ ಕಾಗದದಲ್ಲಿ ಆ ಪದ ಸಿಕ್ಕಮೇಲೆ ಮುಂದೆ ಓದುವವರು ಯಾರಿದ್ದಾರೆ ಹೇಳಿ?

ಸುಮ್ನೆ ಮಲಗಿದ್ದರೆ ಆಗುತ್ತಿತ್ತು. ಉಪಕಾರ ಬುದ್ಧಿ ಕೇಳಬೇಕಲ್ಲ. ಆ ಫೋಟೊವನ್ನು ಮಗಳ ಕ್ಲಾಸಿನ ಪೋಷಕರ ಗ್ರೂಪಿಗೆ ಹಾಕಿದೆ. ಕೆಳಗೆ ‘ಮಕ್ಕಳನ್ನು ಎಬ್ಬಿಸಬೇಡಿ, ಪಾಪ ಮಲಗಲಿ’ ಅಂತ ಬರೆದು ಎರಡು ಕೈಮುಗಿಯುವ ಚಿತ್ರ ಅಂಟಿಸಿದೆ. ಫೋನ್ ಆಫ್ ಆಯಿತು.

ಎಂಟು ಗಂಟೆಗೆ ಎದ್ದ ಮಗಳಿಗೆ ತಿಂಡಿಯ ಜೊತೆ ಭಾಷಣವನ್ನೂ ಬಡಿಸಿದೆ. ‘ನಮ್ಮ ಕಾಲದಲ್ಲಿ ಮಳೆಗೆ ರಜೆ ಅಂತ ಕೇಳಿದ್ದೇ ಇಲ್ಲ. ಮಳೆಯೇ ಶಾಲೆಗೆ ಬರುತ್ತಿತ್ತು, ನಾವೂ ಹೋಗುತ್ತಿದ್ದೆವು.’ ಇದು ಸುಳ್ಳಲ್ಲ. ನಮ್ಮ ಹೈಸ್ಕೂಲಿನ ಎಂಟನೇ ಕ್ಲಾಸಿನ ಕೋಣೆಯಲ್ಲಿ ಮೂರು ಕಡೆ ಸೋರುತ್ತಿತ್ತು. ಯಾವ ಬೆಂಚು ಒಣಗಿದೆಯೋ ಅಲ್ಲಿ ಏಳೇಳು ಜನ. ಅಜ್ಜನ ಕಾಲವಂತೂ ಇನ್ನೊಂದು ಥರ. ತಲೆ ಮೇಲೆ ಮಳೆ ತಡೆಯುವ ಗೊರಬು ಹೊತ್ತು, ಹಳ್ಳಕ್ಕೆ ಹಾಕಿದ ಅಡಿಕೆ ಮರದ ಸಂಕ ದಾಟಿ ಹೋಗಬೇಕು. ಹಳ್ಳದಲ್ಲಿ ನೀರು ಏರಿ ಸಂಕ ಮುಳುಗಿದರೆ ತಾನಾಗೇ ರಜೆ. ಆ ರಜೆಗೆ ಆದೇಶ ಬೇಡ, ಸಹಿ ಬೇಡ. ಅಜ್ಜ ಮೈಸೂರು ಸಂಸ್ಥಾನದ ಕಾಲದ ಎಲ್.ಎಸ್. ಪರೀಕ್ಷೆ ಪಾಸು ಮಾಡಿದವರು. ಎಲ್.ಎಸ್. ಅಂದರೆ ಲೋಯರ್ ಸೆಕೆಂಡರಿ. ಅಷ್ಟು ಓದಿದವರು ಮೇಷ್ಟ್ರೇ ಆಗಬಹುದಿತ್ತು. ಅಜ್ಜ ಆಗಲಿಲ್ಲ. ಆದರೆ ಸಾಯುವವರೆಗೂ ಮುಕ್ಕಾಲು ಮಗ್ಗಿ ಕೇಳಿ ಮೊಮ್ಮಕ್ಕಳ ಊಟ ಕೆಡಿಸಿದರು.

ಹತ್ತೂವರೆಗೆ ಕರೆಂಟ್ ಬಂತು. ಫೋನ್ ಆನ್ ಮಾಡಿದ ಕೂಡಲೇ ರಿಂಗಾಯಿತು. ಕ್ಲಾಸ್ ಟೀಚರ್.

‘ಸಾರ್, ಮಗಳು ಬಂದಿಲ್ವಲ್ಲ?’

‘ಇವತ್ತು ರಜೆ ಅಲ್ವಾ ಮೇಡಂ?’

‘ಯಾರು ಕೊಟ್ರು ಸಾರ್?’

‘ಡಿಸಿಯವರೇ ಕೊಟ್ಟಿದ್ದಾರಲ್ಲ ಮೇಡಂ.’ ನನ್ನ ದನಿಯಲ್ಲಿ ಸ್ವಲ್ಪ ಗತ್ತೇ ಇತ್ತು. ಪಾಪ, ಟೀಚರಿಗೆ ಸುದ್ದಿ ತಲುಪಿಲ್ಲ ಅಂದುಕೊಂಡೆ.

‘ಅದರ ದಿನಾಂಕ ನೋಡಿ ಸಾರ್.’

ನೋಡಿದೆ. ತಿಂಗಳು ಸರಿ ಇತ್ತು. ವರ್ಷ 2024. ಆ ಸಹಿ ಹಾಕಿದ ಸಾಹೇಬರು ಬೇರೆ ಜಿಲ್ಲೆಗೆ ವರ್ಗವಾಗಿ ಎಷ್ಟೋ ತಿಂಗಳಾಗಿತ್ತು.

‘ಒಟ್ಟು ಹದಿಮೂರು ಮಕ್ಕಳು ಬಂದಿಲ್ಲ ಸಾರ್,’ ಅಂದರು ಟೀಚರ್. ‘ಎಲ್ಲರೂ ನಿಮ್ಮ ಹೆಸರೇ ಹೇಳ್ತಿದ್ದಾರೆ.’

ಪಕ್ಕದಲ್ಲಿ ಮಗಳು ದೋಸೆ ತಿನ್ನುತ್ತಾ ನಗುತ್ತಿದ್ದಳು. ಅವಳಿಗೆ ಒಂಬತ್ತು ಗಂಟೆಗೇ ಗೊತ್ತಾಗಿತ್ತಂತೆ. ‘ಮತ್ತೆ ಹೇಳಲಿಲ್ಲ ಯಾಕೆ?’ ಅಂದರೆ, ‘ನೀನು ನಿಮ್ಮ ಕಾಲದ ಕಥೆ ಹೇಳ್ತಿದ್ದೆ, ಮಧ್ಯ ಬಾಯಿ ಹಾಕಬಾರದು ಅಂತ ನೀನೇ ಹೇಳಿದ್ದಲ್ಲ’ ಅಂದಳು.

ಒಂದು ದಿನ ತಪ್ಪಿದರೆ ಏನು ಮಹಾ ಅನ್ನಬೇಡಿ. 75 ಪರ್ಸೆಂಟ್ ಹಾಜರಿ ಇಲ್ಲದಿದ್ದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಿಸುವುದಿಲ್ಲ. ಇವಳು ಜೂನ್‌ನಲ್ಲಿ ಡೆಂಗಿ ಬಂದು ಹದಿನಾಲ್ಕು ದಿನ ಮಲಗಿದ್ದಳು. ‘ಸದ್ಯಕ್ಕೆ ನಿಮ್ಮ ಮಗಳದ್ದು ಎಪ್ಪತ್ತೊಂದಕ್ಕೆ ನಿಂತಿದೆ ಸಾರ್, ಇನ್ನು ಮೇಲೆ ಶೀತ, ನೆಗಡಿ, ಮದುವೆ, ಗೃಹಪ್ರವೇಶ ಏನೂ ಬೇಡ. ನಾಳೆ ರಜಾ ಚೀಟಿ ಕಳಿಸಿ’ ಅಂದರು ಟೀಚರ್.

ರಜಾ ಚೀಟಿ ಬರೆಯುವುದರಲ್ಲಿ ನಾನು ಪಳಗಿದ ಕೈ. ಹೈಸ್ಕೂಲಿನಲ್ಲಿ ನನ್ನ ಚೀಟಿಗಳನ್ನೆಲ್ಲಾ ನಾನೇ ಬರೆದು ಅಪ್ಪನ ಸಹಿಯನ್ನೂ ನಾನೇ ಹಾಕುತ್ತಿದ್ದೆ. ಎಷ್ಟು ಚೆನ್ನಾಗಿ ಅಂದರೆ, ಒಮ್ಮೆ ಅಪ್ಪ ನಿಜವಾಗಿ ಸಹಿ ಹಾಕಿದ ಪ್ರೋಗ್ರೆಸ್ ಕಾರ್ಡನ್ನು ಮೇಷ್ಟ್ರು ‘ಇದು ನಿಮ್ಮಪ್ಪನ ಸಹಿ ಅಲ್ಲ’ ಅಂತ ವಾಪಸ್ ಕಳಿಸಿದ್ದರು. ಆ ಅಭ್ಯಾಸದ ಮೇಲೆಯೇ ಪೆನ್ನು ಹಿಡಿದೆ. ‘ನನ್ನ ಮಗಳಿಗೆ ವಿಪರೀತ ಜ್ವರ ಇದ್ದ ಕಾರಣ’ ಅಂತ ಬರೆಯುವಷ್ಟರಲ್ಲಿ ಮಗಳು ಬಗ್ಗಿ ನೋಡಿದಳು.

‘ಅಪ್ಪ, ಹದಿಮೂರು ಜನಕ್ಕೂ ಒಂದೇ ದಿನ ಜ್ವರ ಬಂತಾ?’

ಕೊನೆಗೆ ಬರೆದಿದ್ದು ಹೀಗೆ: ‘ನನ್ನ ಕಣ್ತಪ್ಪಿನಿಂದಾಗಿ ನನ್ನ ಮಗಳು ದಿನಾಂಕದಂದು ಶಾಲೆಗೆ ಹಾಜರಾಗಲಿಲ್ಲ.’ ಐವತ್ತು ವರ್ಷದ ಬದುಕಿನಲ್ಲಿ ನಾನು ಬರೆದ ಮೊದಲ ಪ್ರಾಮಾಣಿಕ ರಜಾ ಚೀಟಿ ಅದು. ಹೋಗಲಿ, ಅಲ್ಲೂ ದಿನಾಂಕ ಹಾಕೋದು ಮರೆತಿದ್ದೆ.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಎರಡು ದಿನ ಬಿಟ್ಟು ನಿಜವಾದ ಆದೇಶವೇ ಬಂತು. ಬಂದಿದ್ದು ಬೆಳಿಗ್ಗೆ ಏಳೂವರೆಗೆ. ಈ ಸಲ ಮೋಸ ಹೋಗಬಾರದು ಅಂತ ನಾನು ದಿನಾಂಕ ನೋಡಿದೆ, ಸರಿ ಇತ್ತು. ವರ್ಷ ನೋಡಿದೆ, ಸರಿ ಇತ್ತು. ಆದರೂ ನಂಬಿಕೆ ಬರಲಿಲ್ಲ. ಫೋಟೊದಲ್ಲಿ ದಿನಾಂಕ ತಿದ್ದುವುದು ಈಗಿನ ಹುಡುಗರಿಗೆ ಎಷ್ಟು ಹೊತ್ತಿನ ಕೆಲಸ? ಮಗಳನ್ನು ರೈನ್‌ಕೋಟ್ ಹಾಕಿಸಿ ಕಳಿಸಿಯೇಬಿಟ್ಟೆ. ಹತ್ತು ಗಂಟೆಗೆ ತೊಪ್ಪೆಯಾಗಿ ವಾಪಸ್ ಬಂದಳು. ಶಾಲೆಯ ಗೇಟಿನ ಹತ್ತಿರ ಅವಳ ಜೊತೆ ನಿಂತಿದ್ದವರು ಇನ್ನೂ ಹನ್ನೆರಡು ಮಕ್ಕಳಂತೆ. ಅದೇ ಹನ್ನೆರಡು. ಪೋಷಕರ ಗ್ರೂಪಿನಲ್ಲಿ ಈಗ ನಾನು ಸುಮ್ಮನೆ ‘ಶುಭೋದಯ’ ಅಂದರೂ ಯಾರೋ ಒಬ್ಬರು ‘ದಿನಾಂಕ?’ ಅಂತ ಕೇಳುತ್ತಾರೆ. ಮಳೆರಜೆಯ ಸಾಲವನ್ನು ಶನಿವಾರ ಮಧ್ಯಾಹ್ನಗಳಲ್ಲಿ ಪಾಠ ಕೇಳಿ ತೀರಿಸುವುದು ಮಕ್ಕಳ ಪಾಲಿಗೆ ಬಂತು.

ಅಕ್ಟೋಬರ್‌ನಲ್ಲಿ ಇನ್ನೊಂದು ಸುದ್ದಿ. ಎಸ್ಸೆಸ್ಸೆಲ್ಸಿ ಪಾಸಾಗಲು ಇನ್ನು 35 ಬೇಡ, ಒಟ್ಟಾರೆ 33 ಪರ್ಸೆಂಟ್ ಸಾಕು. 625ಕ್ಕೆ 206. ಒಂದೊಂದು ವಿಷಯದಲ್ಲಿ ಕನಿಷ್ಠ 30 ಇದ್ದರೆ ಆಯಿತು. ಪೇಪರ್ ಓದುತ್ತಿದ್ದ ನನ್ನ ಕೈ ನಡುಗಿತು.

ಯಾಕೆ ಅಂತ ಹೇಳಬೇಕು. 1991ರ ಮಾರ್ಚ್ ಪರೀಕ್ಷೆಯಲ್ಲಿ ಗಣಿತಕ್ಕೆ ನನಗೆ ಬಂದಿದ್ದು 32. ಬಾಕಿ ಎಲ್ಲದರಲ್ಲೂ ಪಾಸು. ಮೂರು ಮಾರ್ಕಿಗೆ ಡುಮ್ಕಿ. ಶಾಲೆಯ ಬೋರ್ಡಿನಲ್ಲಿ ನನ್ನ ನಂಬರ್ ಹುಡುಕಿ ಹುಡುಕಿ, ಮನೆಗೆ ಹೋಗುವ ದಾರಿಯಲ್ಲಿ ಎಷ್ಟು ನಿಧಾನ ನಡೆಯಬಹುದೋ ಅಷ್ಟು ನಿಧಾನ ನಡೆದೆ. ಅಪ್ಪ ಬಾಗಿಲಲ್ಲೇ ನಿಂತಿದ್ದರು. ಸುದ್ದಿ ನನಗಿಂತ ಬೇಗ ನಡೆದಿತ್ತು. ಅವತ್ತು ಬಿದ್ದ ಏಟು ಮಾರ್ಕಿಗೆ ಒಂದರಂತೆ ಮೂರಲ್ಲ, ಜಾಸ್ತಿಯೇ ಇತ್ತು. ಮತ್ತೆ ಅಕ್ಟೋಬರ್‌ನಲ್ಲಿ ಕೂತು 41 ತೆಗೆದೆ. ಅಷ್ಟರಲ್ಲಿ ಜೊತೆಯವರೆಲ್ಲ ಕಾಲೇಜಿನಲ್ಲಿ ಹೊಸ ಪ್ಯಾಂಟು ಹಾಕಿಕೊಂಡು ಓಡಾಡುತ್ತಿದ್ದರು. ನಾನು ಒಂದು ವರ್ಷ ಅಪ್ಪನ ಹಿಂದೆ ಅಡಿಕೆ ಕೊನೆ ಹೊತ್ತೆ.

ಆ ಮೂರು ಮಾರ್ಕು ಎಲ್ಲಿ ಹೋಯಿತು ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಹತ್ತುಮೀನಿನಲ್ಲಿ ಹೋಯಿತು. ಮೊದಲ ಮಳೆಗೆ ಹಳ್ಳದ ಮೀನು ನೀರಿಗೆ ಎದುರಾಗಿ ಗದ್ದೆಗೆ ಹತ್ತುತ್ತವಲ್ಲ, ಅದು. 1990ರ ಜೂನ್‌ನಲ್ಲಿ ಚಿಕ್ಕಪ್ಪನ ಜೊತೆ ಮೂರು ರಾತ್ರಿ ಟಾರ್ಚು, ಕತ್ತಿ ಹಿಡಿದು ಗದ್ದೆ ಬದುವಿನ ಮೇಲೆ ಕೂತಿದ್ದೆ. ಕಾಲ ಬಳಿ ಸಣ್ಣಗೆ ಪಟಪಟ ಸದ್ದು. ಟಾರ್ಚ್ ಬಿಟ್ಟರೆ ಬೆರಳಿನಷ್ಟು ನೀರಿನಲ್ಲಿ ಬೆನ್ನು ಕಾಣಿಸಿಕೊಂಡು ಒದ್ದಾಡುವ ಮೀನು. ಬೆಳಗಿನ ಜಾವ ಬಂದು ಮಲಗಿದರೆ ಶಾಲೆಯ ಗಂಟೆ ಎಲ್ಲಿ ಕೇಳಬೇಕು? ಮೂರು ದಿನ ಚಕ್ಕರ್. ಗಣಿತದ ಮೇಷ್ಟ್ರು ಆ ವರ್ಷ ರೇಖಾಗಣಿತದಿಂದಲೇ ಶುರು ಮಾಡಿದ್ದರು. ಆ ಮೂರು ದಿನದಲ್ಲಿ ಪೈಥಾಗೊರಸ್ ಪ್ರಮೇಯ ಬಂದು ಹೋಗಿತ್ತು. ಪರೀಕ್ಷೆಯಲ್ಲಿ ಬಂದಿದ್ದೂ ಅದೇ, ನಾಲ್ಕು ಮಾರ್ಕಿಗೆ. ನಾನು ತ್ರಿಕೋನ ಬರೆದೆ. ಮುಂದೇನು ಅಂತ ಗೊತ್ತಾಗದೆ ಅದಕ್ಕೆ ಸ್ಕೇಲ್ ಇಟ್ಟು ಇನ್ನೊಮ್ಮೆ ಗೆರೆ ದಪ್ಪ ಮಾಡಿದೆ.

ಹಾಜರಿ ಕರೆಯುವಾಗ ನನ್ನ ಬದಲು ಪಕ್ಕದ ಬೆಂಚಿನವನು ‘ಯಸ್ಸಾರ್’ ಅಂದಿದ್ದ. ಅವನ ದನಿ ಆಗಷ್ಟೇ ಒಡೆದಿತ್ತು, ನನ್ನದು ಇನ್ನೂ ಕೀಚಲು. ಮೇಷ್ಟ್ರು ತಲೆಯೆತ್ತದೆಯೇ ‘ಒಂದೇ ರಾತ್ರಿಯಲ್ಲಿ ಗಂಡಸಾದ್ನಾ?’ ಅಂತ ಕೇಳಿ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು. ಇದನ್ನು ಯಾಕೆ ಹೇಳಿದೆ ಅಂದರೆ, 2021ರಲ್ಲಿ ಕೊರೊನಾ ಅಂತ ಎಸ್ಸೆಸ್ಸೆಲ್ಸಿಯನ್ನು ಎರಡೇ ದಿನದಲ್ಲಿ ಮುಗಿಸಿದರಲ್ಲ, ಆಗ ಅಣ್ಣನ ಮಗ ಬರೆದಿದ್ದ. ಆರು ವಿಷಯ, ಎಲ್ಲಾ ಓಎಂಆರ್ ಶೀಟಿನಲ್ಲಿ ಸೊನ್ನೆ ತುಂಬುವುದು. ಬರೆದ 8.7 ಲಕ್ಷ ಮಕ್ಕಳಲ್ಲಿ ಒಬ್ಬರನ್ನು ಬಿಟ್ಟು ಎಲ್ಲರೂ ಪಾಸು. ಆ ಒಬ್ಬರು ತಮ್ಮ ಬದಲು ಬೇರೆಯವರನ್ನು ಪರೀಕ್ಷೆಗೆ ಕೂರಿಸಿದ್ದರು. ಸುಮ್ನೆ ತಾವೇ ಹೋಗಿ ಕೂತಿದ್ದರೆ ಪಾಸಾಗುತ್ತಿದ್ದರು ನೋಡಿ. ಈ ಸುದ್ದಿ ಓದಿದಾಗಲೆಲ್ಲಾ ನನಗೆ ಬೆಂಚಿನ ಮೇಲೆ ನಿಂತ ಗೆಳೆಯ ನೆನಪಾಗುತ್ತಾನೆ.

ಇದಾದ ಮೇಲೂ ನಿಯಮ ಹಿಂದೆ ಮುಂದೆ ಓಡಾಡುತ್ತಲೇ ಇದೆ. 2024ರಲ್ಲಿ ಪರೀಕ್ಷಾ ಕೋಣೆಗೆ ಕ್ಯಾಮೆರಾ ಹಾಕಿ ಕಣ್ಗಾವಲು ಬಿಗಿ ಮಾಡಿದರು. ಫಲಿತಾಂಶ ನೆಲ ಹಿಡಿಯಿತು. ಎತ್ತಿ ನಿಲ್ಲಿಸಲು 20 ಪರ್ಸೆಂಟ್ ಗ್ರೇಸ್ ಮಾರ್ಕು ಕೊಟ್ಟರು, ಆಗ ಪಾಸಾದವರು 73.40 ಪರ್ಸೆಂಟ್ ಆಯಿತು. ಮರುವರ್ಷ ಗ್ರೇಸ್ ಇಲ್ಲ ಅಂದರು, ಮೊದಲ ಪರೀಕ್ಷೆಯಲ್ಲಿ 62.34ಕ್ಕೆ ಇಳಿಯಿತು. ಈಗ 33. ಅದರ ಮೇಲೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶ. ಹೆಚ್ಚಿನ ವಿಷಯಕ್ಕೆ 20 ಆಂತರಿಕ ಅಂಕ ಬೇರೆ. ನಮಗೆ ಆಂತರಿಕವಾಗಿ ಸಿಗುತ್ತಿದ್ದದ್ದು ಬೆತ್ತದ ಏಟು ಮಾತ್ರ. ಹಾಗಂತ ಈಗಿನದು ಸುಲಭ ಅಂತ ನಾನು ಹೇಳಲಾರೆ. ಮಗಳ ಗಣಿತ ಪುಸ್ತಕ ತೆಗೆದು ನೋಡಿದೆ. ನಾವು ಕಾಲೇಜಿಗೆ ಹೋದಮೇಲೆ ಹೆದರಿದ್ದನ್ನು ಇವರು ಹೈಸ್ಕೂಲಿನಲ್ಲೇ ಹೆದರುತ್ತಾರೆ.

ಅಪ್ಪನ ಕಾಲದಲ್ಲಿ ಫೇಲಾಗುವುದೇ ಮಾಮೂಲು. ಅವರದ್ದು 1963. ಪಾಸಾದವರ ನಂಬರು ಪೇಪರಿನಲ್ಲಿ ಬರುತ್ತಿತ್ತು, ಪೇಪರು ಸಂಜೆ ಬಸ್ಸಿನಲ್ಲಿ ಬರುತ್ತಿತ್ತು. ಹೆಣ್ಣು ನೋಡಲು ಬಂದವರು ಹುಡುಗನ ಓದು ಏನು ಅಂದರೆ ‘ಎಸ್ಸೆಸ್ಸೆಲ್ಸಿ ಫೇಲ್’ ಅಂತ ಎದೆ ತಟ್ಟಿ ಹೇಳಬಹುದಿತ್ತು. ಅಲ್ಲಿವರೆಗೆ ಓದಿದ್ದಾನಲ್ಲ ಅಂತ ಹೆಣ್ಣಿನ ಕಡೆಯವರೂ ತಲೆದೂಗುತ್ತಿದ್ದರು. ಅಪ್ಪನ ನಂಬರು ಕೂಡ ಮೊದಲ ಸಲ ಪೇಪರಿನಲ್ಲಿ ಇರಲಿಲ್ಲವಂತೆ. ಅಚ್ಚಿನ ತಪ್ಪಿರಬೇಕು ಅಂತ ಒಂದು ವಾರ ದಿನಾ ಬಸ್ಸು ಕಾದರಂತೆ. ಈ ವಿಷಯ ನನಗೆ ಹೇಳಿದ್ದು ಸೋದರತ್ತೆ, ಅದೂ ಏಟು ಮಾಸಿ ಇಪ್ಪತ್ತು ವರ್ಷವಾದ ಮೇಲೆ.

ಇಷ್ಟೆಲ್ಲಾ ತಲೆಯಲ್ಲಿಟ್ಟುಕೊಂಡು ಪೇಪರ್ ಹಿಡಿದು ಜಗಲಿಗೆ ಹೋದೆ. ಅಪ್ಪ ಎಲೆಗೆ ಸುಣ್ಣ ಸವರುತ್ತಿದ್ದರು. ಅವರಿಗೀಗ ಎಪ್ಪತ್ತೆಂಟು. ಕಿವಿ ಮಂದ. ಆದರೆ ಬೇಕಾದ್ದು ಕೇಳಿಸುತ್ತದೆ.

‘ಅಪ್ಪ, ಈಗಿನ ಲೆಕ್ಕದಲ್ಲಿ ನಾನು ಪಾಸು. ಮೂವತ್ತು ಬಂದರೆ ಸಾಕಂತೆ. ನಂದು ಮೂವತ್ತೆರಡು. ಎರಡು ಮಾರ್ಕು ಉಳಿತಾಯ.’

ಮಗಳು ಒಳಗಿನಿಂದ ಕೂಗಿದಳು. ‘ಅಪ್ಪ, ಅದು ಈ ವರ್ಷದಿಂದ. ಮತ್ತೆ ದಿನಾಂಕ ನೋಡಿಲ್ಲ ನೀನು.’

ನಾನು ಅವಳ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ‘ಅವತ್ತು ಬಿದ್ದ ಏಟಿಗೆ ಯಾರು ಲೆಕ್ಕ ಕೊಡ್ತಾರೆ?’ ಅಂದೆ.

ಅಪ್ಪ ಎಲೆ ಮಡಚಿ ಬಾಯಿಗಿಟ್ಟರು. ಅಡಿಕೆ ಚೂರು ಹುಡುಕಿದರು. ಬಹಳ ಹೊತ್ತು ಅಗಿದರು.

‘ಮೂರು ರಾತ್ರಿ ಹೋಗಿದ್ರಲ್ಲ,’ ಅಂದರು ಕೊನೆಗೆ. ‘ಎರಡನೇ ದಿನದ ಮೀನು ಒಳ್ಳೇ ರುಚಿ ಇತ್ತು ಮಾರಾಯ. ನಾಲ್ಕು ಕಡುಬು ಜಾಸ್ತಿ ತಿಂದಿದ್ದೆ.’