ಹಸುವಿನ ಹಿಂಭಾಗದಲ್ಲಿ ಎರಡು ಕಣ್ಣು

ಹಸುವಿನ ಹಿಂಭಾಗಕ್ಕೆ ಎರಡು ದೊಡ್ಡ ಕಣ್ಣು ಬರೆದರೆ ಸಿಂಹ ಹತ್ತಿರ ಸುಳಿಯುವುದಿಲ್ಲ ಅಂತ ಯಾರಾದರೂ ಹೇಳಿದರೆ ನೀವು ನಗುತ್ತೀರಿ. ನಾನೂ ನಕ್ಕಿದ್ದೆ. ಆಮೇಲೆ ಕೂತು ಪೂರ್ತಿ ಓದಿದೆ.

ಬೋಟ್ಸ್ವಾನಾದ ಒಕವಾಂಗೊ ಪ್ರದೇಶದಲ್ಲಿ ನಾಲ್ಕು ವರ್ಷ ನಡೆದ ಪ್ರಯೋಗ ಅದು. ಫಲಿತಾಂಶ ಬಂದದ್ದು 2020ರಲ್ಲಿ. 14 ಹಿಂಡು, ಒಟ್ಟು 2,061 ದನ. ಪ್ರತಿ ಹಿಂಡಿನಲ್ಲೂ ಕೆಲವು ದನಗಳಿಗೆ ಕಣ್ಣು ಬರೆದರು, ಕೆಲವಕ್ಕೆ ಬರೀ ಕತ್ತರಿ ಗುರುತು (X) ಬರೆದರು, ಉಳಿದವನ್ನು ಹಾಗೇ ಬಿಟ್ಟರು. ಏನೂ ಬರೆಯದ 835 ದನಗಳಲ್ಲಿ 15 ಬೇಟೆಗೆ ಬಲಿಯಾದವು. ಕತ್ತರಿ ಗುರುತಿನ 543ರಲ್ಲಿ 4. ಕಣ್ಣು ಬರೆದ 683ರಲ್ಲಿ ಒಂದೂ ಇಲ್ಲ.

ಆ ಕತ್ತರಿ ಗುರುತು ಇದೆಯಲ್ಲ, ಇಡೀ ಪ್ರಯೋಗದಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಅದೇ. ಬಣ್ಣದ ವಾಸನೆಗೇ ಸಿಂಹ ಹೆದರಿತಾ? ದನವನ್ನು ಹಿಡಿದು ಬಣ್ಣ ಬಳಿಯುವ ಮನುಷ್ಯರ ಓಡಾಟದಿಂದ ದೂರ ಉಳಿಯಿತಾ? ಕಣ್ಣಿಗೇ ಏನಾದರೂ ಶಕ್ತಿ ಇದೆಯಾ? ಕತ್ತರಿ ಗುರುತಿಲ್ಲದೆ ಇದಕ್ಕೆ ಉತ್ತರ ಸಿಗುತ್ತಿರಲಿಲ್ಲ. ಗುರುತು ಯಾವುದಾದರೂ ಸ್ವಲ್ಪ ಸಹಾಯವಾಗುತ್ತೆ, ಕಣ್ಣಾದರೆ ಇನ್ನೂ ಹೆಚ್ಚು ಅನ್ನುವುದು ಹಾಗೆ ಗೊತ್ತಾಯಿತು. ಎಲ್ಲ ದನಕ್ಕೂ ಬಣ್ಣ ಬಳಿದು, "ನೋಡಿ, ಈ ವರ್ಷ ಒಂದೂ ಸಾಯಲಿಲ್ಲ" ಅಂತ ಫೋಟೊ ಹಾಕುವುದು ಸುಲಭವಿತ್ತು. ಆದರೆ ಆ ವರ್ಷ ಸಿಂಹವೇ ಆ ಕಡೆ ಬಂದಿರದಿದ್ದರೆ?

ವನ್ಯಜೀವಿ ಸಂರಕ್ಷಣೆಯ ಬಗ್ಗೆ ನನ್ನ ದೊಡ್ಡ ತಕರಾರು ಇದೇ. ಎಷ್ಟು ಗಿಡ ನೆಟ್ಟೆವು, ಎಷ್ಟು ಮರಿ ಬಿಟ್ಟೆವು, ಎಷ್ಟು ಬೋರ್ಡ್ ಹಾಕಿದೆವು ಅಂತ ಲೆಕ್ಕ ಕೊಡುತ್ತೇವೆ. ನಾವು ಏನೂ ಮಾಡದೆ ಇದ್ದಿದ್ದರೆ ಏನಾಗುತ್ತಿತ್ತು ಅಂತ ಕೇಳುವುದೇ ಇಲ್ಲ.

ಬ್ರಿಟನ್ನಿನ ಬಾವಲಿ ಸೇತುವೆ ಕಥೆ ಕೇಳಿ. ಅಲ್ಲಿನ ಪುಟ್ಟ ಬಾವಲಿಗಳು ಮರಗಳ ಸಾಲು, ಪೊದೆಬೇಲಿ ಹಿಡಿದು ಹಾರುತ್ತವೆ. ನಡುವೆ ಹೆದ್ದಾರಿ ಬಂದರೆ ಸಾಲು ಕಡಿಯುತ್ತೆ, ಬಾವಲಿಗಳು ತಗ್ಗಿನಲ್ಲಿ ದಾಟಲು ಹೋಗಿ ವಾಹನಕ್ಕೆ ಬಡಿಯುತ್ತವೆ. ಅದಕ್ಕೆ ರಸ್ತೆಯ ಎರಡೂ ಬದಿ ಎತ್ತರದ ಕಂಬ ನಿಲ್ಲಿಸಿ ತಂತಿ ಎಳೆದರು. ತಂತಿಯನ್ನೇ ಮರದ ಸಾಲು ಅಂದುಕೊಂಡು ಬಾವಲಿ ಮೇಲಿಂದ ದಾಟುತ್ತೆ ಅನ್ನುವುದು ಲೆಕ್ಕಾಚಾರ. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ ಅಲ್ವಾ? ಲೀಡ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಸುಮ್ನೆ ನಿಂತು ನೋಡಿದರು. ಬಹುಪಾಲು ಬಾವಲಿಗಳು ಈ ತಂತಿ ಸೇತುವೆಯ ಕಡೆ ತಿರುಗಿಯೂ ನೋಡಲಿಲ್ಲ. ಹಳೇ ದಾರಿಯಲ್ಲೇ, ವಾಹನದ ಎತ್ತರದಲ್ಲೇ ದಾಟುತ್ತಿದ್ದವು. ಕಟ್ಟಿ ಒಂಬತ್ತು ವರ್ಷವಾಗಿದ್ದ ಸೇತುವೆಯದ್ದೂ ಅದೇ ಪಾಡು. ಬಾವಲಿಗಳ ಹಳೇ ದಾರಿಯಲ್ಲೇ ಇದ್ದ ಒಂದು ಕೆಳಸೇತುವೆಯನ್ನು ಮಾತ್ರ ಬಹುಪಾಲು ಬಾವಲಿಗಳು ಬಳಸುತ್ತಿದ್ದವು. ಇದು ಪ್ರಕಟವಾದದ್ದು 2012ರಲ್ಲಿ. ಆಮೇಲೂ ಹೊಸ ರಸ್ತೆಗಳಿಗೆ ಬಾವಲಿ ಸೇತುವೆ ಕಟ್ಟುವುದು ನಿಲ್ಲಲಿಲ್ಲ.

ಕಡಲಾಮೆ ವಿಷಯ ಬಂದರೆ ನನ್ನ ಮೇಲೆ ಕೆಲವರಿಗೆ ಸಿಟ್ಟು ಬರಬಹುದು. ಮೊಟ್ಟೆ ಕಾಯ್ದು, ಮರಿಗಳನ್ನು ಮರಳಿನ ಮೇಲೆ ಬಿಡುವಾಗ ಯಾರ ಮನಸ್ಸಾದರೂ ಕರಗುತ್ತೆ. ಆದರೆ 1987ರಲ್ಲಿ ಸಂಶೋಧಕಿ ಡೆಬೊರಾ ಕ್ರೌಸ್ ಮತ್ತು ಜೊತೆಗಾರರು ಅಮೆರಿಕದ ಲಾಗರ್‌ಹೆಡ್ ಆಮೆಗಳ ಬದುಕನ್ನು ಹಂತ ಹಂತವಾಗಿ ಲೆಕ್ಕ ಹಾಕಿದರು. ಮೊದಲ ವರ್ಷದಲ್ಲಿ ಒಂದು ಮೊಟ್ಟೆ, ಒಂದು ಮರಿಯೂ ಸಾಯದಂತೆ ನೋಡಿಕೊಂಡರೂ ಸಂತತಿ ಇಳಿಯುವುದು ನಿಲ್ಲುವುದಿಲ್ಲ ಅಂತ ಅವರ ಲೆಕ್ಕ ಹೇಳಿತು. ಮುಖ್ಯವಾಗಿ ಉಳಿಯಬೇಕಾದದ್ದು ಬೆಳೆಯುತ್ತಿರುವ ದೊಡ್ಡ ಆಮೆಗಳು. ಅವು ಸಿಗಡಿ ಬಲೆಯಲ್ಲಿ ಸಿಕ್ಕು ಉಸಿರುಕಟ್ಟಿ ಸಾಯುತ್ತಿದ್ದವು. ಪರಿಹಾರ ನೋಡುವುದಕ್ಕೆ ತೀರಾ ಸಪ್ಪೆ. ಬಲೆಯ ಕುತ್ತಿಗೆಯಲ್ಲಿ ಓರೆಯಾಗಿ ಕೂರಿಸಿದ ಒಂದು ಲೋಹದ ಜಾಲರಿ. ಸಿಗಡಿ ಸರಳುಗಳ ಸಂದಿಯಲ್ಲಿ ನುಸುಳುತ್ತೆ, ಆಮೆ ಸರಳಿಗೆ ತಾಗಿ ಜಾರಿ ಕಿಂಡಿಯಿಂದ ಹೊರಗೆ ಹೋಗುತ್ತೆ. ಅದರ ಜೊತೆ ಯಾರೂ ಸೆಲ್ಫಿ ತೆಗೆಸಿಕೊಳ್ಳುವುದಿಲ್ಲ. ಮೊಟ್ಟೆ ಕಾಯಬೇಡಿ ಅನ್ನುತ್ತಿಲ್ಲ ನಾನು. ಅದೊಂದೇ ಸಾಕು ಅಂದುಕೊಳ್ಳಬೇಡಿ ಅಷ್ಟೇ.

"ಪ್ರಾಣಿ ಕಣ್ಣೆದುರೇ ಅಳಿಯುತ್ತಿದೆ, ಇವರಿಗೆ ಅಧ್ಯಯನದ ಚಿಂತೆ" ಅಂತ ಒಬ್ಬರು ನನಗೆ ಹೇಳಿದ್ದರು. ಅವರಿಗೆ ರಣಹದ್ದಿನ ಉದಾಹರಣೆ ಕೊಟ್ಟೆ. ದಕ್ಷಿಣ ಏಷ್ಯಾದಲ್ಲಿ ರಣಹದ್ದುಗಳು ಸಾಲುಸಾಲಾಗಿ ಸಾಯುವಾಗ ಯಾವುದೋ ಸೋಂಕು ಇರಬೇಕು ಅಂತಲೇ ತುಂಬಾ ಜನ ಅಂದುಕೊಂಡಿದ್ದರು. ಪಾಕಿಸ್ತಾನದಲ್ಲಿ ಸತ್ತ ಹದ್ದುಗಳನ್ನು ಕೊಯ್ದು ನೋಡಿದರೆ ಮೂತ್ರಪಿಂಡ ಕೆಟ್ಟು, ಒಳಗಿನ ಅಂಗಗಳ ಮೇಲೆಲ್ಲ ಬಿಳಿ ಪುಡಿ ಹರಡಿತ್ತು. ದನಕ್ಕೆ ಕೊಡುತ್ತಿದ್ದ ನೋವಿನ ಔಷಧಿ ಡೈಕ್ಲೋಫೆನಾಕ್, ಸತ್ತ ದನವನ್ನು ತಿಂದ ಹದ್ದುಗಳ ಹೊಟ್ಟೆ ಸೇರಿದ್ದೇ ಕಾರಣ ಅಂತ 2004ರಲ್ಲಿ ಖಚಿತವಾಯಿತು. ಅದರ ಬದಲು ಕೊಡಬಹುದಾದ ಇನ್ನೊಂದು ನೋವಿನ ಔಷಧಿ ಮೆಲಾಕ್ಸಿಕ್ಯಾಮ್ ಹದ್ದಿಗೆ ಹಾನಿ ಮಾಡುವುದಿಲ್ಲ ಅಂತ ಪರೀಕ್ಷೆಗಳು ತೋರಿಸಿದವು. 2006ರಲ್ಲಿ ಭಾರತ, ಪಾಕಿಸ್ತಾನ, ನೇಪಾಳ ಮೂರೂ ದೇಶ ದನಕ್ಕೆ ಡೈಕ್ಲೋಫೆನಾಕ್ ಕೊಡುವುದನ್ನು ತಡೆಯಲು ಮುಂದಾದವು. ಸೋಂಕಿನ ಬೆನ್ನು ಹತ್ತಿಯೇ ಇನ್ನೂ ಹತ್ತು ವರ್ಷ ಕಳೆದಿದ್ದರೆ? ಅಧ್ಯಯನದಿಂದ ಅಲ್ಲಿ ಸಮಯ ಹಾಳಾಗಲಿಲ್ಲ, ಉಳಿಯಿತು.

ಇಷ್ಟೆಲ್ಲ ಓದಿ "ಹಾಗಾದರೆ ಎಲ್ಲ ದಂಡ" ಅಂದುಕೊಳ್ಳಬೇಡಿ. 2024ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ವಿಶ್ಲೇಷಣೆ, ಕ್ರಮ ಕೈಗೊಂಡಿದ್ದಕ್ಕೂ ಕೈಗೊಳ್ಳದೆ ಬಿಟ್ಟಿದ್ದಕ್ಕೂ ಹೋಲಿಸಿದ 665 ಪ್ರಯತ್ನಗಳನ್ನು ನೋಡಿತು. ಸುಮಾರು ಮೂರರಲ್ಲಿ ಎರಡರಷ್ಟು ಕಡೆ ಪರಿಸ್ಥಿತಿ ಸುಧಾರಿಸಿತ್ತು, ಇಲ್ಲವೇ ಕುಸಿತ ನಿಧಾನವಾಗಿತ್ತು. ಉಳಿದ ಒಂದು ಪಾಲು ಯಾವುದು ಅಂತ ಗೊತ್ತಾಗಬೇಕಾದರೆ ಸೋತವರೂ ಬಾಯಿ ಬಿಟ್ಟು ಹೇಳಬೇಕು. ಸೋಲಿನ ವರದಿಗೆ ಯಾರೂ ಹಾರ ಹಾಕುವುದಿಲ್ಲ, ಅದೇ ಕಷ್ಟ.

ನಾನೇನು ಸಾಚಾ ಅಲ್ಲ. ಕೆಲವು ವರ್ಷದ ಹಿಂದೆ ಒಂದು ಗುಂಪಿನ ಜೊತೆ ಹೋಗಿ ಹಕ್ಕಿಗಳಿಗೆ ಗೂಡುಪೆಟ್ಟಿಗೆ ಕಟ್ಟಿ ಬಂದಿದ್ದೆ. ಫೋಟೊ ಹಾಕಿದ್ದೆ, ಲೈಕ್ ಬಂದಿದ್ದವು, ಮರೆತಿದ್ದೆ. ಈ ಸಲ ಮತ್ತೆ ಪೆಟ್ಟಿಗೆ ಕಟ್ಟೋಣ ಬನ್ನಿ ಅಂತ ಕರೆ ಬಂತು. ಮೊದಲು ಹಳೇದನ್ನು ನೋಡೋಣ ಅಂದೆ. ಗುಂಪಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಏಣಿ ತಂದು ಹತ್ತಿದೆವು. ಒಂದರಲ್ಲಿ ಒಣಹುಲ್ಲು ಇತ್ತು, ಎರಡರಲ್ಲಿ ಕಣಜ ಗೂಡು ಕಟ್ಟಿತ್ತು, ಉಳಿದವು ಖಾಲಿ. ಖಾಲಿ ಇದ್ದವೆಲ್ಲ ಮಧ್ಯಾಹ್ನದ ಬಿಸಿಲಿಗೆ ನೇರ ಮುಖ ಮಾಡಿದ್ದವು. ಈಗ ಅರ್ಧ ಪೆಟ್ಟಿಗೆಗಳನ್ನು ನೆರಳಿನ ಕಡೆ ತಿರುಗಿಸಿದ್ದೇವೆ, ಅರ್ಧ ಹಾಗೇ ಬಿಟ್ಟಿದ್ದೇವೆ. ಪ್ರತಿ ಪೆಟ್ಟಿಗೆಗೂ ಒಂದು ನಂಬರು ಬರೆದಿದ್ದೇವೆ.