ನಡುವೆ ಎ, ಕೊನೆಗೆ ಇ

ಐದಕ್ಷರ ಇರಬೇಕು. ನಡುವೆ ಎ, ಕೊನೆಗೆ ಇ. ಆರ್ ಮಾತ್ರ ಇರಕೂಡದು. ಅರ್ಥ ಏನಾದರೂ ಆಗಲಿ, ಅದು ಆಮೇಲಿನ ಮಾತು.

ವರ್ಡಲ್ ಅನ್ನುವ ಆನ್‌ಲೈನ್ ಪದದಾಟಕ್ಕಾಗಿ ಇಂಗ್ಲಿಷ್ ಪದಗಳನ್ನು ಹೀಗೂ ಹುಡುಕುವವರು ಲೋಕದಲ್ಲಿ ಲಕ್ಷಗಟ್ಟಲೆ ಇದ್ದಾರೆ. ನಾನೂ ಅದೇ ಗುಂಪು. ಸಾಮಾನ್ಯವಾಗಿ ನಮಗೆ ಹೇಳಬೇಕಾದ್ದು ಮೊದಲು ಹೊಳೆಯುತ್ತದೆ, ಪದ ಅದರ ಹಿಂದೆ ಬರುತ್ತದೆ. ಇಲ್ಲಿ ಪೂರ್ತಿ ಉಲ್ಟಾ. ಮನೆಗೆ ಬಂದವರ ಹೆಸರು, ಊರು ಏನೂ ಕೇಳದೆ ಎತ್ತರ ಅಳೆದು ಒಳಗೆ ಬಿಟ್ಟ ಹಾಗೆ. ಸ್ಲೇಟ್ ಬರುತ್ತದೆ, ಬ್ಲೇಮ್ ಬರುತ್ತದೆ, ಫ್ಲೇಮ್, ಪ್ಲೇಟ್, ಶೇಪ್ ಎಲ್ಲವೂ ಬರುತ್ತವೆ. ಬರೆಯುವ ಹಲಗೆಗೂ ಬೆಂಕಿಯ ನಾಲಿಗೆಗೂ ಏನು ಸಂಬಂಧ? ನಡುವೆ ಎ, ಕೊನೆಗೆ ಇ. ಅಷ್ಟೇ.

ಹಳೆಯ ಪದಬಂಧ ಇಷ್ಟು ಕಲ್ಲುಮನಸ್ಸಿನದಲ್ಲ. 1913ರ ಡಿಸೆಂಬರ್ 21ರಂದು ಆರ್ಥರ್ ವಿನ್ ಎಂಬಾತ ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಮೊದಲ ಪದಬಂಧ ಕೊಟ್ಟಾಗಲೇ ಪ್ರತಿ ಪದಕ್ಕೂ ಒಂದು ಸುಳಿವು ಇತ್ತು. ಸುಳಿವು ಅಂದರೆ ಅರ್ಥವೇ ತಾನೆ? ಅದು ಕೈಯಲ್ಲಿತ್ತು, ಖಾಲಿ ಮನೆ ಎಷ್ಟು ಅಂತಲೂ ಗೊತ್ತಿತ್ತು, ಅಕ್ಷರ ತುಂಬಿದರೆ ಕೆಲಸ ಮುಗಿಯಿತು. ವರ್ಡಲ್ ಬಂದು ಆ ಸುಳಿವನ್ನೂ ಕಿತ್ತುಕೊಂಡಿತು. ಬಚ್ಚಿಟ್ಟ ಒಂದು ಪದವನ್ನು ಊಹಿಸಬೇಕು. ಐದು ಖಾಲಿ ಮನೆ, ಆರು ಅವಕಾಶ. ಅಕ್ಷರ ಸರಿಯಾದ ಜಾಗದಲ್ಲಿದ್ದರೆ ಹಸಿರು, ಪದದಲ್ಲಿದ್ದೂ ಜಾಗ ತಪ್ಪಿದ್ದರೆ ಹಳದಿ, ಇಲ್ಲದಿದ್ದರೆ ಬೂದು. ಮಾತಿಲ್ಲ, ಕತೆಯಿಲ್ಲ.

ಇದನ್ನು ಮಾಡಿದವರು ಜೋಶ್ ವಾರ್ಡಲ್. ಅವರ ಸಂಗಾತಿ ಪಲಕ್ ಶಾ ಅವರಿಗೆ ಪದದಾಟ ಅಂದರೆ ಇಷ್ಟ, ಹಾಗಾಗಿ ಮನೆಮಟ್ಟಿಗೆ ಅಂತ ಕಟ್ಟಿದ ಆಟ. ಇಂಗ್ಲಿಷಿನಲ್ಲಿ ಐದಕ್ಷರದ ಪದಗಳು ಸುಮಾರು 12,000 ಇವೆ. ಪಲಕ್ ಅಷ್ಟನ್ನೂ ಒಂದೊಂದಾಗಿ ನೋಡಿ, ಇದು ಗೊತ್ತು, ಇದು ಗೊತ್ತಿಲ್ಲ ಅಂತ ಬೇರೆ ಮಾಡಿದರು. ಉಳಿದದ್ದು ಸುಮಾರು 2,500. ಉತ್ತರಗಳೆಲ್ಲ ಆ ಪಟ್ಟಿಯಿಂದಲೇ ಬಂದವು. 2021ರ ನವೆಂಬರ್ 1ರಂದು ಈ ಆಟ ಆಡಿದವರು 90 ಜನ. ಎರಡು ತಿಂಗಳು ಕಳೆಯುವಷ್ಟರಲ್ಲಿ ಮೂರು ಲಕ್ಷ. ಅದರ ಮುಂದಿನ ತಿಂಗಳು ಹುಟ್ಟುವುದರೊಳಗೆ ನ್ಯೂಯಾರ್ಕ್ ಟೈಮ್ಸ್ ಅದನ್ನು ಕೊಂಡುಕೊಂಡಿತ್ತು. ಅಷ್ಟು ಜನ ದಿನಾ ಬೆಳಗ್ಗೆ ತಲೆ ಕೆರೆದುಕೊಂಡದ್ದು ಒಬ್ಬರಿಗೆ ಗೊತ್ತಿದ್ದ ಪದಗಳ ಮೇಲೆ. ನನಗಂತೂ ಆಟಕ್ಕಿಂತ ಈ ಸಂಗತಿಯೇ ಜಾಸ್ತಿ ಇಷ್ಟ.

ಆಟದಲ್ಲಿ ಒಂದು ಹೊಂಡ ಇದೆ. ಮೊದಲ ಊಹೆಗೇ ನೈಟ್ ಅಂತ ಹಾಕಿದಿರಿ ಅನ್ನಿ, ರಾತ್ರಿಯ ನೈಟ್. ಎನ್ ಬೂದು, ಹಿಂದಿನ ಐ, ಜಿ, ಎಚ್, ಟಿ ನಾಲ್ಕೂ ಹಸಿರು. ಗೆದ್ದೇಬಿಟ್ಟೆ ಅನ್ನಿಸುತ್ತದೆ. ಎಲ್ಲಿಯ ಗೆಲುವು! ಫೈಟ್, ಲೈಟ್, ಮೈಟ್, ರೈಟ್, ಸೈಟ್, ಟೈಟ್ ಅಂತ ಸಾಲುಗಟ್ಟಿ ನಿಂತಿರುತ್ತವೆ. ಎಂಟು ಅನ್ನುವ ಏಟ್ ಬೇರೆ ಅದೇ ವೇಷದಲ್ಲಿ ಬರುತ್ತದೆ. ಒಂದೊಂದಾಗಿ ಹಾಕುತ್ತಾ ಹೋದರೆ ಇರುವ ಐದು ಅವಕಾಶವೂ ಖರ್ಚು. ಬಲ್ಲವರು ಇಲ್ಲಿ ಬೇಕಂತಲೇ ಒಂದು ಸಾಲು ಸುಡುತ್ತಾರೆ. ಫಿಲ್ಮ್ಸ್ ಅಂತ ಹಾಕುತ್ತಾರೆ. ಅದು ಉತ್ತರ ಅಲ್ಲ ಅಂತ ಅವರಿಗೂ ಗೊತ್ತು. ಆದರೆ ಎಫ್, ಎಲ್, ಎಂ, ಎಸ್ ನಾಲ್ಕೂ ಒಂದೇ ಏಟಿಗೆ ಪರೀಕ್ಷೆ ಆಗಿಹೋಗುತ್ತವೆ.

ಅದೇ ಸಾಲಿನಲ್ಲಿ ಇನ್ನಿಬ್ಬರು ಹಳಬರಿದ್ದಾರೆ. ವೈಟ್, ಬೈಟ್. ಈ ವೈಟ್ ಬಿಳಿ ಅಲ್ಲ, ಮನುಷ್ಯ ಅಥವಾ ಜೀವಿ ಅನ್ನುವುದಕ್ಕೆ ಹಳೆಯ ಕಾಲದ ಹೆಸರು. ಈ ಬೈಟ್ ಕಚ್ಚುವುದೂ ಅಲ್ಲ, ಸಮುದ್ರತೀರ ಒಳಕ್ಕೆ ಬಾಗಿರುವ ಜಾಗ. ಆಸ್ಟ್ರೇಲಿಯಾದ ತೆಂಕಣ ತೀರದಲ್ಲಿ ಗ್ರೇಟ್ ಆಸ್ಟ್ರೇಲಿಯನ್ ಬೈಟ್ ಅಂತ ಭೂಪಟದಲ್ಲೇ ಇದೆ. ಹಗ್ಗದ ನಡುವಿನ ಬಾಗಿಗೂ ಇದೇ ಮಾತು. ಕನ್ನಡದಲ್ಲಿ ಎಣಿಸಿದರೆ ಇವೆಲ್ಲ ಎರಡೇ ಅಕ್ಷರ. ಇಂಗ್ಲಿಷಿನಲ್ಲಿ ಐದು, ಅದರಲ್ಲೂ ಜಿ, ಎಚ್ ಬಾಯಿಗೆ ಬರುವುದೇ ಇಲ್ಲ. ಒಂದು ಕಾಲದಲ್ಲಿ ಬರುತ್ತಿತ್ತು, ಗಂಟಲಿನ ಒಂದು ಸದ್ದಾಗಿ. ಸದ್ದು ಹೋಯಿತು, ಸ್ಪೆಲಿಂಗ್ ಮಾತ್ರ ಖಾಲಿ ಮಾಡಲಿಲ್ಲ.

ಶುರುವಿಗೆ ಯಾವ ಪದ ಹಾಕುವುದು ಒಳ್ಳೆಯದು ಅನ್ನುವುದಕ್ಕೂ ಲೆಕ್ಕ ಹಾಕಿದವರಿದ್ದಾರೆ. ಸುಮಾರು ಜನ ಅಡ್ಯೂ (adieu) ಹಾಕುತ್ತಾರೆ, ನಾಲ್ಕು ಸ್ವರ ಒಟ್ಟಿಗೆ ಸಿಗುತ್ತವಲ್ಲ ಅಂತ. ಕಂಪ್ಯೂಟರುಗಳಿಗೆ ಅದು ಅಷ್ಟೇನೂ ಹಿಡಿಸಿಲ್ಲ. ಸ್ವರ ಸಿಕ್ಕರೆ ಪದ ಸಿಗುವುದಿಲ್ಲ, ಪದದ ಮೂಳೆ ಇರುವುದು ವ್ಯಂಜನದಲ್ಲಿ. 2022ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಲೆಕ್ಕ ಹಾಕಿ ಆರಿಸಿದ ಪದ ಸ್ಯಾಲೆಟ್. ಮಧ್ಯಯುಗದ ಸೈನಿಕರು ಹಾಕಿಕೊಳ್ಳುತ್ತಿದ್ದ ಹಗುರ ಶಿರಸ್ತ್ರಾಣ. ಅದನ್ನು ದಿನಾ ಹಾಕುವವರಲ್ಲಿ ಎಷ್ಟು ಜನ ಅದರ ಅರ್ಥ ನೋಡಿರುತ್ತಾರೋ!

ಆ ಐದಕ್ಷರಗಳನ್ನೇ ಸ್ವಲ್ಪ ಅಲ್ಲಾಡಿಸಿ ನೋಡಿ. ಎಸ್, ಎ, ಎಲ್, ಇ, ಟಿ. ಸ್ಲೇಟ್ ಆಯಿತು. ಹಳಸಿದ್ದು ಅನ್ನುವ ಸ್ಟೇಲ್ ಆಯಿತು. ಕದಿಯುವ ಸ್ಟೀಲ್ ಆಯಿತು. ಎಲ್ಲಕ್ಕಿಂತ ಕಡಿಮೆಯ ಲೀಸ್ಟ್, ಕತೆಗಳ ಟೇಲ್ಸ್. ಟೀಲ್ಸ್ ಅಂದರೆ ಒಂದು ಜಾತಿಯ ಸಣ್ಣ ಬಾತುಗಳು. ಟೇಲ್ ಅಂತ ಚೀನಾ ಕಡೆಯ ಒಂದು ತೂಕ, ಅದರ ಬಹುವಚನವೂ ಇದರಲ್ಲೇ ಹುಟ್ಟುತ್ತದೆ. ಕೊನೆಗೆ ಸ್ಟೀಲಾ, ಅಂದರೆ ಬರಹವೋ ಚಿತ್ರವೋ ಕೆತ್ತಿ ನೆಟ್ಟ ಕಲ್ಲು. ಹಲಗೆ, ಕಳ್ಳತನ, ಬಾತು, ಶಾಸನ, ಶಿರಸ್ತ್ರಾಣ, ಎಲ್ಲ ಐದೇ ಅಕ್ಷರದಲ್ಲಿ. ಕನ್ನಡ ಲಿಪಿಯಲ್ಲಿ ಬರೆದರೆ ಇವುಗಳ ನೆಂಟಸ್ತಿಕೆ ಕಾಣುವುದೇ ಇಲ್ಲ. ಇಂಗ್ಲಿಷಿನವರಿಗೂ ದಿನನಿತ್ಯ ಕಾಣುತ್ತದೆ ಅಂತ ನನಗೇನೂ ಅನ್ನಿಸುವುದಿಲ್ಲ.

ಅಕ್ಷರದ ಬಿಲ್ಲೆಗಳನ್ನು ಮಣೆಯ ಮೇಲೆ ಜೋಡಿಸಿ ಪದ ಕಟ್ಟುವ ಸ್ಕ್ರಾಬಲ್ ಇದೇ ರೋಗದ ಹಿರಿಯಣ್ಣ. ಆಲ್ಫ್ರೆಡ್ ಬಟ್ಸ್ ಅನ್ನುವ ವಾಸ್ತುಶಿಲ್ಪಿ 1930ರ ದಶಕದಲ್ಲಿ ಕೆಲಸ ಕಳೆದುಕೊಂಡು ಕೂತಾಗ ಪತ್ರಿಕೆಯ ಪುಟ ಹರವಿಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಅಂತ ಎಣಿಸಿದರು. ಅದರಂತೆ ಇ ಬಿಲ್ಲೆ 12, ಕ್ಯೂ ಮತ್ತು ಜಡ್ ಒಂದೊಂದೇ. ಎಸ್ ಮಾತ್ರ ಬೇಕಂತಲೇ ನಾಲ್ಕಕ್ಕೆ ನಿಲ್ಲಿಸಿದರು. ಇಲ್ಲದಿದ್ದರೆ ಎಲ್ಲರೂ ಪಕ್ಕದವರ ಪದಕ್ಕೆ ಸುಮ್ನೆ ಎಸ್ ಅಂಟಿಸಿ ಬಹುವಚನ ಮಾಡಿಕೊಂಡು ಕೂರುತ್ತಿದ್ದರು. ಈ ಲೆಕ್ಕದಲ್ಲಿ ಒಂದು ಪದ ಪೂರ್ತಿ ಸಿಕ್ಕಿಹಾಕಿಕೊಂಡಿದೆ. ಪಿಜಾಜ್. ಠೀವಿ, ಝಲಕು ಅಂತ ಅರ್ಥ. ಅದಕ್ಕೆ ನಾಲ್ಕು ಜಡ್ ಬೇಕು. ಇರುವುದು ಒಂದು, ಯಾವ ಅಕ್ಷರಕ್ಕೂ ಬದಲಾಗಿ ಇಡಬಹುದಾದ ಖಾಲಿ ಬಿಲ್ಲೆ ಎರಡು. ನಿಘಂಟಿನಲ್ಲಿದೆ, ಮಣೆಯ ಮೇಲೆ ಮಾತ್ರ ಯಾವತ್ತೂ ಬರುವಂತಿಲ್ಲ.

ಅರ್ಥದ ಹಂಗೇ ಬೇಡ ಅನ್ನುವವರ ಗುರು ನೈಜೆಲ್ ರಿಚರ್ಡ್ಸ್. ನ್ಯೂಜಿಲೆಂಡಿನವರು. 2015ರಲ್ಲಿ ಫ್ರೆಂಚ್ ಸ್ಕ್ರಾಬಲ್ ವಿಶ್ವ ಚಾಂಪಿಯನ್ ಆದರು. ಫ್ರೆಂಚ್ ಮಾತಾಡಲು ಬರುತ್ತಿರಲಿಲ್ಲ. ಒಂಬತ್ತು ವಾರ ಕೂತು ಪದಪಟ್ಟಿ ಬಾಯಿಪಾಠ ಮಾಡಿದ್ದರು, ಅಷ್ಟೇ. 2024ರಲ್ಲಿ ಸ್ಪ್ಯಾನಿಷಿನಲ್ಲೂ ಅದೇ ಕತೆ. ನಮಸ್ಕಾರ ಹೊಡೆಯಬೇಕಾದ ನೆನಪು. ಆದರೂ ನನಗೆ ಹೊಟ್ಟೆಕಿಚ್ಚು ಬರುವುದಿಲ್ಲ. ಅಷ್ಟು ಪದ ತಲೆಯಲ್ಲಿಟ್ಟುಕೊಂಡು, ಬಾತು ಯಾವುದು, ಕಲ್ಲು ಯಾವುದು ಅಂತ ಗೊತ್ತಿಲ್ಲದೆ ಇರುವುದು ನನ್ನ ಕೈಲಿ ಆಗದ ಕೆಲಸ. ಪದದ ಪಕ್ಕ ಅರ್ಥ ಬರೆದಿದ್ದರೆ ಅದನ್ನು ಓದದೆ ಮುಂದಿನ ಸಾಲಿಗೆ ಕಣ್ಣು ಹೋಗುವುದೇ ಇಲ್ಲ. ಆಟ ಅಲ್ಲೇ ನಿಲ್ಲುತ್ತದೆ.

ಹೀಗೆ ನಿಂತ ಒಂದು ಜಾಗ ಹೇಳಿಬಿಡುತ್ತೇನೆ. ಯಾವ ಅಕ್ಷರವೂ ಎರಡು ಸಲ ಬರದಂತೆ ಐದಕ್ಷರದ ಐದು ಪದ ಹೊಂದಿಸಬಹುದೇ? ಒಟ್ಟು 25 ಬೇರೆ ಬೇರೆ ಅಕ್ಷರ. ಗಣಿತದ ಮ್ಯಾಟ್ ಪಾರ್ಕರ್ ಬರೆದ ಪ್ರೋಗ್ರಾಮ್ ಇದಕ್ಕೆ ಸುಮಾರು ಒಂದು ತಿಂಗಳು ಓಡಿತು. 2022ರಲ್ಲಿ ಅವರು ಅದನ್ನು ಹೇಳಿಕೊಂಡದ್ದೇ ತಡ, ಕೇಳಿದವರು ಹಟಕ್ಕೆ ಬಿದ್ದು ಅದೇ ಕೆಲಸವನ್ನು ಕ್ಷಣದಲ್ಲಿ ಮುಗಿಸುವ ಪ್ರೋಗ್ರಾಮ್ ಬರೆದರು. ಸಿಕ್ಕ ಉತ್ತರಗಳಲ್ಲಿ ಒಂದು ಇದು: ಫ್ಯೋರ್ಡ್, ಗಕ್ಸ್, ನಿಂಫ್, ವೈಬೆಕ್ಸ್, ವಾಲ್ಟ್ಸ್. ಕ್ಯೂ ಒಂದು ಮಾತ್ರ ಹೊರಗೆ.

ಅವರಿಗೆಲ್ಲ ಬೇಕಿದ್ದದ್ದು ವೇಗ. ನಾನು ಅರ್ಥ ನೋಡುತ್ತಾ ಕೂತೆ. ಫ್ಯೋರ್ಡ್ ಅಂದರೆ ಕಡಿದಾದ ಬೆಟ್ಟಗಳ ನಡುವೆ ನುಗ್ಗಿದ ಕಡಲಿನ ಸೀಳು. ಗಕ್ಸ್ ಅಂದರೆ ಕೈಗೆ ಮೆತ್ತಿಕೊಳ್ಳುವ ಅಂಟು ಅಂಟು. ನಿಂಫ್ ಜಲದೇವತೆ. ವಾಲ್ಟ್ಸ್ ಜೋಡಿಯಾಗಿ ಸುತ್ತುತ್ತಾ ಕುಣಿಯುವ ಕುಣಿತ. ವೈಬೆಕ್ಸ್ ಅಂದರೆ ಚರ್ಮದ ಕೆಳಗೆ ರಕ್ತ ಹರಡಿ ಏಳುವ ಗೆರೆ, ನಮ್ಮ ಬಾಸುಂಡೆಯ ಹತ್ತಿರದ್ದು. ಇಷ್ಟಾದ ಮೇಲೆ ಕತೆ ತಾನೇ ಬಂತು. ಕಡಲ ಸೀಳಿನ ದಡದಲ್ಲಿ ಜಲದೇವತೆಯೊಬ್ಬಳು ವಾಲ್ಟ್ಸ್ ಕುಣಿಯುತ್ತಾ ಇದ್ದಳು, ಅಂಟಿನ ಮೇಲೆ ಕಾಲಿಟ್ಟು ಜಾರಿ ಬಿದ್ದಳು, ಬೆನ್ನ ತುಂಬ ಬಾಸುಂಡೆ. ಅಂಟು ಅಲ್ಲಿಗೆ ಹೇಗೆ ಬಂತು ಅಂತ ಕೇಳಬೇಡಿ. ಅಕ್ಷರ ಹೊಂದಬೇಕಿತ್ತು.