ಅರ್ಜಿ ಬರೆಯುವ ಅಧ್ಯಾಪಕರ ಬೆನ್ನಿಗೊಂದು ಕಚೇರಿ ಬೇಕು

ಕರ್ನಾಟಕದ ಹೊಸ ವಿಶ್ವವಿದ್ಯಾಲಯಗಳ ಚರ್ಚೆ ಬಂದಾಗಲೆಲ್ಲ ಮಾತು ಕಟ್ಟಡ, ಹುದ್ದೆ, ವೇತನಗಳ ಸುತ್ತಲೇ ತಿರುಗುತ್ತದೆ. ಅವು ಮುಖ್ಯವೇ. ಆದರೆ ಅಮೆರಿಕದ ಕಾನ್ಸಾಸ್ ರಾಜ್ಯದ ಒಂದು ಸಣ್ಣ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಹಲವು ವರ್ಷಗಳಿಂದ ಪಾಠ ಹೇಳುತ್ತಿರುವ ನನಗೆ, ಅಧ್ಯಾಪಕರಿಗೂ ಅನುದಾನ ಕೊಡುವ ಸಂಸ್ಥೆಗೂ ನಡುವೆ ನಿಂತು ದುಡಿಯುವ ಒಂದು ಪುಟ್ಟ ಕಚೇರಿ ಇಲ್ಲದಿದ್ದರೆ ಸಂಶೋಧನೆ ಎಷ್ಟು ಬೇಗ ಸೊರಗುತ್ತದೆ ಎಂಬುದು ಅನುಭವದಿಂದ ತಿಳಿದಿದೆ. ನಮ್ಮ ನಾಡಿನ ಸಣ್ಣ ವಿಶ್ವವಿದ್ಯಾಲಯಗಳಲ್ಲಿ ಸಂಶೋಧನಾ ಘಟಕವೆಂಬ ನಾಮಫಲಕ ಇದ್ದರೂ, ಅದರ ಹೊಣೆ ಸಾಮಾನ್ಯವಾಗಿ ಮೊದಲೇ ಪಾಠದ ಹೊರೆ ಹೊತ್ತ ಒಬ್ಬ ಪ್ರಾಧ್ಯಾಪಕರ ಹೆಚ್ಚುವರಿ ಕೆಲಸವಾಗಿರುತ್ತದೆ.

ಇಲ್ಲಿ ಕಾನ್ಸಾಸ್‌ನ ಅಂಥ ಕಚೇರಿಯಲ್ಲಿ ಇರುವವರು ಇಬ್ಬರೋ ಮೂವರೋ. ಅವರು ವಿಜ್ಞಾನಿಗಳಲ್ಲ. ಯಾವ ಸಂಸ್ಥೆ ಯಾವ ವಿಷಯಕ್ಕೆ ಅರ್ಜಿ ಕರೆದಿದೆ ಎಂಬುದನ್ನು ತಕ್ಕ ಅಧ್ಯಾಪಕರಿಗೆ ತಲುಪಿಸುವುದು, ಆಯವ್ಯಯ ಪಟ್ಟಿಯನ್ನು ನಿಯಮಕ್ಕೆ ಹೊಂದುವಂತೆ ಸಿದ್ಧಪಡಿಸುವುದು, ಸಹಭಾಗಿ ಸಂಸ್ಥೆಗಳ ಪತ್ರಗಳನ್ನು ತರಿಸುವುದು, ಕೊನೆಯ ದಿನಕ್ಕೆ ಮೊದಲೇ ಅರ್ಜಿ ಸಲ್ಲಿಸುವುದು, ಹಣ ಬಂದ ಮೇಲೆ ಖರೀದಿ, ನೇಮಕ, ವರದಿಗಳನ್ನು ನೋಡಿಕೊಳ್ಳುವುದು, ಇವೆಲ್ಲ ಅವರ ಕೆಲಸ. ಇದಕ್ಕಿಂತ ದೊಡ್ಡ ಉಪಕಾರ ಅರ್ಜಿ ತಿರಸ್ಕೃತವಾದ ನಂತರ ನಡೆಯುತ್ತದೆ. ಸಂಶೋಧನೆಗೆ ಹಣ ಕೊಡುವ ಇಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಬರುವ ಅರ್ಜಿಗಳಲ್ಲಿ ಬಹುಪಾಲು ತಿರಸ್ಕೃತವೇ ಆಗುತ್ತವೆ. ಆದರೆ ವಿಮರ್ಶಕರು ಬರೆದ ಮಾತುಗಳು, ಅವರ ಹೆಸರು ಬಿಟ್ಟು, ಅರ್ಜಿದಾರರ ಕೈಸೇರುತ್ತವೆ. ಕಚೇರಿಯವರು ಅವನ್ನು ಅಧ್ಯಾಪಕರೊಡನೆ ಕುಳಿತು ಓದುತ್ತಾರೆ, ಎಲ್ಲಿ ವಾದ ಬಡವಾಗಿದೆ ಎಂದು ಗುರುತು ಹಾಕುತ್ತಾರೆ, ಮುಂದಿನ ಸುತ್ತಿಗೆ ಹೊಸ ಅರ್ಜಿಯ ದಿನಾಂಕ ಗೊತ್ತುಮಾಡುತ್ತಾರೆ. ಒಂಟಿಯಾಗಿ ಬರೆದು ಒಂಟಿಯಾಗಿ ಸೋತ ಅಧ್ಯಾಪಕರು ಎರಡನೆಯ ಸಲ ಬರೆಯುವುದು ಬಹಳ ಅಪರೂಪ, ಮತ್ತು ಅನುದಾನಗಳು ದೊರೆಯುವುದು ಅನೇಕ ವೇಳೆ ಆ ಎರಡನೆಯ ಮೂರನೆಯ ಪ್ರಯತ್ನದಲ್ಲೇ.

ಈ ಕಚೇರಿಯ ಖರ್ಚಿಗೆ ಹಣ ಎಲ್ಲಿಂದ? ಪ್ರತಿ ಅನುದಾನದ ಜೊತೆಗೆ ಸಂಸ್ಥೆಗೆ ಪರೋಕ್ಷ ವೆಚ್ಚವೆಂದು, ಅಂದರೆ ಕಚೇರಿ, ಕಟ್ಟಡ, ವಿದ್ಯುತ್ತಿನಂಥ ಸಾಮಾನ್ಯ ಖರ್ಚಿಗೆಂದು, ಒಂದು ಪಾಲು ಬರುತ್ತದೆ. ಅಮೆರಿಕದ ಕೇಂದ್ರ ಸರ್ಕಾರದೊಡನೆ ಪ್ರತ್ಯೇಕ ದರ ಒಪ್ಪಂದ ಮಾಡಿಕೊಳ್ಳದ ಸಣ್ಣ ಸಂಸ್ಥೆಗಳು ಪಡೆಯಬಹುದಾದ ದರ ಮೊದಲು ಶೇ 10 ಇದ್ದುದು, 2024ರ ಅಕ್ಟೋಬರ್‌ನಿಂದ ಶೇ 15ಕ್ಕೆ ಏರಿತು. 2025ರ ಫೆಬ್ರುವರಿಯಲ್ಲಿ ಇಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ತಮ್ಮ ಎಲ್ಲ ಅನುದಾನಗಳಿಗೂ ಅದೇ ಶೇ 15ರ ಮಿತಿ ಹೇರಲು ಹೊರಟಾಗ, ಒಪ್ಪಂದದಿಂದ ಹೆಚ್ಚಿನ ದರ ಪಡೆಯುತ್ತಿದ್ದ ವಿಶ್ವವಿದ್ಯಾಲಯಗಳು ನ್ಯಾಯಾಲಯದ ಮೊರೆಹೋದವು, ನ್ಯಾಯಾಲಯ ಅದನ್ನು ತಡೆಯಿತು. ಇಲ್ಲಿನ ವ್ಯವಸ್ಥೆಯೂ ಅಲುಗಾಡದ್ದೇನಲ್ಲ. ಭಾರತದ ಅನುದಾನಗಳಲ್ಲೂ ಇಂಥ ಪಾಲು ಉಂಟು, ಆದರೆ ಊರಿನ ಅಧ್ಯಾಪಕ ಮಿತ್ರರು ಹೇಳುವಂತೆ ಅದು ವಿಶ್ವವಿದ್ಯಾಲಯದ ಸಾಮಾನ್ಯ ಖಾತೆಯಲ್ಲಿ ಕರಗಿಹೋಗುತ್ತದೆ, ಸಂಶೋಧನೆಯ ನೆರವಿಗೆ ಮರಳುವುದು ಕಡಿಮೆ.

ಸಣ್ಣವರನ್ನು ಬೇರೆಯಾಗಿ ಗಮನಿಸುವ ನೀತಿಯೂ ಇಲ್ಲಿ ಹಳೆಯದು. ವಿಜ್ಞಾನ ಪ್ರತಿಷ್ಠಾನವನ್ನು ಹುಟ್ಟುಹಾಕಿದ 1950ರ ಕಾಯಿದೆಯೇ ಸಂಶೋಧನೆ ಕೆಲವೇ ಕಡೆ ಅತಿಯಾಗಿ ಕೇಂದ್ರೀಕೃತವಾಗಬಾರದೆಂದು ಹೇಳುತ್ತದೆ. 1979ರಲ್ಲಿ ಅರ್ಕಾನ್ಸಾ, ಮೇನ್, ಮೊಂಟಾನಾ, ಸೌತ್ ಕೆರೊಲಿನಾ, ವೆಸ್ಟ್ ವರ್ಜೀನಿಯಾ ಎಂಬ ಐದು ರಾಜ್ಯಗಳೊಡನೆ ಆರಂಭವಾದ, ಪ್ರತಿಷ್ಠಾನದ ಹಣ ಕಡಿಮೆ ಪಡೆಯುವ ರಾಜ್ಯಗಳಿಗೆಂದೇ ಇರುವ ಎಪ್ಸ್‌ಕೋರ್ ಕಾರ್ಯಕ್ರಮ ಇಂದು ಕಾನ್ಸಾಸ್ ಸೇರಿ ಹಲವು ರಾಜ್ಯಗಳಿಗೆ ಹಬ್ಬಿದೆ. ಪ್ರತಿಷ್ಠಾನದ ನಿಧಿಯಲ್ಲಿ ಇಂಥ ರಾಜ್ಯಗಳ ಪಾಲನ್ನು 2029ರ ಹೊತ್ತಿಗೆ ಶೇ 20ಕ್ಕೆ ಒಯ್ಯಬೇಕೆಂದು 2022ರ ಶಾಸನ ವಿಧಿಸಿದೆ.

ಭಾರತದಲ್ಲಿ ಯೋಜನೆಗಳಿಲ್ಲ ಎನ್ನಲಾಗದು. ದೇಶದ ಸಂಶೋಧನೆಗೆ ಹಣ ಕೊಡುವ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯಿದೆ 2023ರಲ್ಲಿ ಬಂತು. ಐದು ವರ್ಷಗಳಿಗೆ 50,000 ಕೋಟಿ ರೂಪಾಯಿಯ ಗುರಿ ಹಾಕಿಕೊಳ್ಳಲಾಯಿತು, ಅದರ ದೊಡ್ಡ ಭಾಗ ಸರ್ಕಾರದ ಹೊರಗಿನಿಂದ ಬರಬೇಕಿದೆ. ಅದಕ್ಕೂ ಮೊದಲೇ ರಾಜ್ಯ ವಿಶ್ವವಿದ್ಯಾಲಯಗಳ ಅಧ್ಯಾಪಕರಿಗೆಂದು ಶ್ಯೂರ್ ಯೋಜನೆ ಇತ್ತು. ಮುಂದುವರಿದ ಸಂಸ್ಥೆಯೊಂದು ಹಿಂದುಳಿದವುಗಳ ಕೈಹಿಡಿಯುವ ಪೇರ್ ಯೋಜನೆ ನನಗೆ ಮನಃಪೂರ್ವಕವಾಗಿ ಮೆಚ್ಚುಗೆಯಾದದ್ದು. ಆದರೆ ಅಲ್ಲಿ ಕೈಹಿಡಿಸಿಕೊಳ್ಳುವುದಕ್ಕೂ ಕೇಂದ್ರ ಶಿಕ್ಷಣ ಸಚಿವಾಲಯದ ಎನ್‌ಐಆರ್‌ಎಫ್ ಪಟ್ಟಿಯಲ್ಲಿ ಶ್ರೇಯಾಂಕ ಬೇಕು. ಕೊಪ್ಪಳ, ಬೀದರ್, ಹಾವೇರಿ, ಚಾಮರಾಜನಗರಗಳಲ್ಲಿ ಮೊನ್ನೆ ಮೊನ್ನೆ ಹುಟ್ಟಿದ ವಿಶ್ವವಿದ್ಯಾಲಯಗಳು ಆ ಮೆಟ್ಟಿಲನ್ನು ಹತ್ತುವುದು ಹೇಗೆ? ಇನ್ನೊಂದು ಅಡ್ಡಿ ಇದಕ್ಕಿಂತ ಕಠಿಣವಾದದ್ದು. ಹೆಚ್ಚಿನ ಯೋಜನೆಗಳಲ್ಲಿ ಪ್ರಧಾನ ಸಂಶೋಧಕರು ಕಾಯಂ ಹುದ್ದೆಯಲ್ಲಿರಬೇಕು, ನಮ್ಮ ವಿಶ್ವವಿದ್ಯಾಲಯಗಳಾದರೋ ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಡೆಯುತ್ತಿವೆ. ಪಿಎಚ್‌ಡಿ ಮುಗಿಸಿ, ಸ್ವಂತ ಪ್ರಶ್ನೆಗಳನ್ನಿಟ್ಟುಕೊಂಡು, ತಮ್ಮ ಹೆಸರಿನಲ್ಲಿ ಅರ್ಜಿ ಹಾಕಲಾಗದೆ ಕುಳಿತಿರುವ ಅವರ ಸ್ಥಿತಿಯನ್ನು ನೆನೆದಾಗ ನನಗೆ ನಿಜಕ್ಕೂ ನೋವಾಗುತ್ತದೆ.

ಪ್ರಶ್ನೆಗಳಿಗಂತೂ ಅಲ್ಲಿ ಬರವಿಲ್ಲ. ರಾಯಚೂರು, ಕೊಪ್ಪಳ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಇದೆ, ತುಂಗಭದ್ರಾ ಜಲಾಶಯದಲ್ಲಿ ಹೂಳು ತುಂಬಿದೆ, ಬಿದರಿ ಕುಸುರಿಗಾರರ ಲೋಹ ಮತ್ತು ಮಣ್ಣಿನ ಜ್ಞಾನ ಬೀದರ್‌ನಲ್ಲೇ ಇದೆ. ಇವುಗಳ ಅಧ್ಯಯನಕ್ಕೆ ಅಲ್ಲಿಯೇ ಇರುವವರಿಗಿಂತ ಯೋಗ್ಯರು ಯಾರು? ಮಾದರಿ ನೀರು ತರಲು ಅವರು ವಿಮಾನ ಹತ್ತಬೇಕಿಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟು. ಪ್ರತಿ ಸಣ್ಣ ವಿಶ್ವವಿದ್ಯಾಲಯವೂ ಪ್ರತ್ಯೇಕ ಕಚೇರಿ ಕಟ್ಟುವುದು ಈಗಿನ ಹಣಕಾಸಿನಲ್ಲಿ ಆಗದ ಮಾತು, ಆದರೆ ನೆರೆಹೊರೆಯವು ಕೂಡಿ ಒಂದನ್ನು ನಡೆಸಬಹುದು. ಕಲಬುರಗಿ, ಬಳ್ಳಾರಿ, ರಾಯಚೂರು, ಬೀದರ್, ಕೊಪ್ಪಳದ ವಿಶ್ವವಿದ್ಯಾಲಯಗಳಿಗೆ ಸೇರಿ ಒಂದು ಸಂಶೋಧನಾ ನೆರವು ಕಚೇರಿ ಇರಲಿ. ಮೊದಲ ಕೆಲವು ವರ್ಷಗಳ ವೇತನವನ್ನು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಭರಿಸಲಿ, ಆನಂತರ ಬರುವ ಅನುದಾನಗಳ ಪರೋಕ್ಷ ವೆಚ್ಚದ ಪಾಲನ್ನು ಸಿಂಡಿಕೇಟ್ ನಿರ್ಣಯದ ಮೂಲಕ ಈ ಕಚೇರಿಗೇ ಕಟ್ಟಿಡಲಿ. ಮಾರ್ಚ್ ಕೊನೆಯ ಲೆಕ್ಕ ಮತ್ತು ಬಳಕೆ ಪ್ರಮಾಣಪತ್ರಗಳ ಕೆಲಸ ಬಲ್ಲ ಒಬ್ಬ ಲೆಕ್ಕಾಧಿಕಾರಿ ಅಲ್ಲಿ ಖಂಡಿತ ಇರಬೇಕು, ಏಕೆಂದರೆ ಆ ಪತ್ರ ತಡವಾದರೆ ಮುಂದಿನ ಕಂತು ನಿಲ್ಲುತ್ತದೆ, ಕಂತು ನಿಂತರೆ ಯೋಜನೆಯ ಸಹಾಯಕರಿಗೆ ತಿಂಗಳುಗಟ್ಟಲೆ ಸಂಬಳವಿರುವುದಿಲ್ಲ. ಕರಡು ಅರ್ಜಿಗಳನ್ನು ಓದಿ ಅಭಿಪ್ರಾಯ ಬರೆದುಕೊಡಲು ಹೊರನಾಡಿನಲ್ಲಿರುವ ನನ್ನಂಥ ಅಧ್ಯಾಪಕರನ್ನು ಆ ಕಚೇರಿ ಧಾರಾಳವಾಗಿ ಕೇಳಬಹುದು. ಬೇಸಿಗೆಯ ರಜೆಯಲ್ಲಿ ನಮಗೆ ಅದಕ್ಕೆ ಸಮಯವಿರುತ್ತದೆ, ಅದಕ್ಕೆ ಸಂಭಾವನೆಯ ಅಗತ್ಯವೂ ಇಲ್ಲ.